ಕಿಡಿ ಆರಿದ ಮೇಲೆ ಬರುವ ತುಕ್ಕು

ಮಳೆಗಾಲಕ್ಕೆ ಮುಂಚೆ ನಮ್ಮ ಕಾಸರಗೋಡಿನ ಕಡೆ ಅಂಗಳಕ್ಕೆ ಶೀಟ್ ಹಾಕಿಸುವ ಕೆಲಸ ಜೋರು. ವೆಲ್ಡಿಂಗಿನವರು ಬಂದು ಕಬ್ಬಿಣದ ಪೈಪುಗಳನ್ನು ಅಂಗಳದಲ್ಲೇ ತುಂಡು ಮಾಡುತ್ತಾರೆ. ಗ್ರೈಂಡರಿನಿಂದ ಕಿಡಿ ಹಾರುತ್ತದೆ. ಹತ್ತಿರ ನಿಂತ ಬಿಳಿ ಕಾರಿಗೋ ಆಟೋರಿಕ್ಷಾಕ್ಕೋ ಆಗ ಏನೂ ಆದ ಹಾಗೆ ಕಾಣುವುದಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಮೈತುಂಬ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು! ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ಒರಟು.

"ಗಾಡಿಗೆ ತುಕ್ಕು ಹಿಡಿಯಿತು" ಎನ್ನುತ್ತಾರೆ. ಆದರೆ ಮೊದಲು ತುಕ್ಕು ಹಿಡಿದದ್ದು ಗಾಡಿಗಲ್ಲ, ಹಾರಿ ಬಂದು ಅದರ ಮೇಲೆ ಕೂತ ಕಬ್ಬಿಣಕ್ಕೆ. ಇದು ತಿಳಿದರೆ ಗಾಡಿಯನ್ನು ಕಾಪಾಡುವುದು ಕಷ್ಟವಲ್ಲ.

ಕಿಡಿ ಎಂದರೇನು?

ಗ್ರೈಂಡರಿನ ಚಕ್ರದಲ್ಲಿ ಗಟ್ಟಿಯಾದ ಹರಳಿನ ಚೂರುಗಳಿರುತ್ತವೆ. ಅವು ಕಬ್ಬಿಣವನ್ನು ಕೆರೆದು ಸಣ್ಣ ಕಣಗಳಾಗಿ ಕಿತ್ತೆಸೆಯುತ್ತವೆ. ಘರ್ಷಣೆಯಿಂದ ಕಣ ಬಿಸಿಯಾಗುತ್ತದೆ. ಕಣ ಚಿಕ್ಕದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಆದ್ದರಿಂದ ಬಿಸಿ ಕಣ ಗಾಳಿಯ ಆಮ್ಲಜನಕದೊಂದಿಗೆ ಬೇಗ ಸೇರಿ ಉರಿಯುತ್ತದೆ. ನಾವು ನೋಡುವ ಕಿಡಿ ಹೀಗೆ ಉರಿಯುತ್ತಾ ಹಾರುವ ಕಬ್ಬಿಣ. ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೆಲವು ಕಣಗಳು ಹಾರುವಾಗಲೇ ಕರಗಿ, ಹನಿಯ ಹಾಗೆ ಉಂಡೆಯಾಗುತ್ತವೆ.

ಅಷ್ಟು ಬಿಸಿಯಾದರೆ ಒಂದು ಕಿಡಿ ಬಿದ್ದಾಗ ಕೈ ಯಾಕೆ ಸುಟ್ಟು ಹೋಗುವುದಿಲ್ಲ? ಉಷ್ಣತೆ ಬೇರೆ, ಉಷ್ಣದ ಪ್ರಮಾಣ ಬೇರೆ. ಕುದಿಯುವ ನೀರಿನ ಒಂದು ಹನಿಗೂ ಒಂದು ಚೆಂಬು ನೀರಿಗೂ ಇರುವ ವ್ಯತ್ಯಾಸ ಗೊತ್ತುಂಟಲ್ಲ, ಹಾಗೆಯೇ.

ವೇಗ ಎಷ್ಟು? ಲೆಕ್ಕ ಮಾಡೋಣ

ಸಣ್ಣ ಗ್ರೈಂಡರಿನ ಚಕ್ರದ ವ್ಯಾಸ 100 ಮಿ.ಮೀ., ಅಂದರೆ 0.1 ಮೀಟರ್. ಭಾರವಿಲ್ಲದಾಗ ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ.

ಪರಿಧಿ = 3.14 × 0.1 = 0.314 ಮೀಟರ್
ಒಂದು ನಿಮಿಷಕ್ಕೆ = 0.314 × 11,000 = 3,454 ಮೀಟರ್
ಒಂದು ಸೆಕೆಂಡಿಗೆ = ಸುಮಾರು 57.6 ಮೀಟರ್

ಅಂದರೆ ಚಕ್ರದ ಅಂಚಿನ ವೇಗ ಗಂಟೆಗೆ ಸುಮಾರು 207 ಕಿ.ಮೀ.! ಕಿಡಿಗಳು ಈ ಅಂಚಿನಿಂದ ಸ್ಪರ್ಶಕದ ದಿಕ್ಕಿನಲ್ಲಿ ಹೊರಡುತ್ತವೆ, ಸೈಕಲ್ ಚಕ್ರದಿಂದ ಕೆಸರು ಹಾರುವ ಹಾಗೆ. ಗಾಳಿಯ ತಡೆಯಿಂದ ಅವುಗಳ ವೇಗ ಬೇಗ ತಗ್ಗುತ್ತದೆ. ಹಾಗಾಗಿ ದೂರ ಹೆಚ್ಚಿದಷ್ಟೂ ಅಪಾಯ ಕಡಿಮೆ.

ಪೇಂಟಿನ ಮೇಲೆ ಏನಾಗುತ್ತದೆ?

ಕಾರಿನ ಪೇಂಟು ಒಂದೇ ಪದರ ಅಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಹೊಳಪಿನ ಪಾರದರ್ಶಕ ಪದರ. ಎಲ್ಲ ಸೇರಿದರೂ ದಪ್ಪ ಸುಮಾರು 0.1 ಮಿ.ಮೀ. ಮಾತ್ರ. ಬಿಸಿ ಕಣ ಬಿದ್ದ ಜಾಗದಲ್ಲಿ ಮೇಲಿನ ಪದರ ಮೆತ್ತಗಾಗಿ ಕಣ ಅಲ್ಲೇ ಹುದುಗುತ್ತದೆ. ಗಾಜಿಗೂ ಹೀಗೆ ಅಂಟುತ್ತದೆ. ರಾತ್ರಿ ಇಬ್ಬನಿ ಬಿದ್ದರೆ ನೀರು ಮತ್ತು ಆಮ್ಲಜನಕ ಎರಡೂ ಸಿಕ್ಕಿ ಕಣ ತುಕ್ಕಾಗುತ್ತದೆ. ಕಡಲ ಕರೆಯ ಊರುಗಳಲ್ಲಿ ಗಾಳಿಯ ಉಪ್ಪು ಇದನ್ನು ಇನ್ನೂ ಬೇಗ ಮಾಡುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು; ಹಾಗಾಗಿ ಅದು ಉಬ್ಬಿ ಸುತ್ತಲಿನ ಪೇಂಟನ್ನು ಎಬ್ಬಿಸುತ್ತದೆ. ಹಾಗೇ ಬಿಟ್ಟರೆ ಆ ಬಿರುಕಿನಿಂದ ನೀರು ಒಳಗಿಳಿದು ಕೊನೆಗೆ ಗಾಡಿಯ ತಗಡಿಗೂ ತುಕ್ಕು ಹಿಡಿಯಬಹುದು.

ಹೊಸದಾಗಿ ಹಾಕಿದ ಬಣ್ಣದ ಶೀಟಿಗೂ ಇದೇ ಗತಿ. ಕತ್ತರಿಸಿದ ಪುಡಿ ಅದರ ಮೇಲೆ ಉಳಿದರೆ ಶೀಟು ಕಂದಾಗುತ್ತದೆ. ಆದ್ದರಿಂದ ಪುಡಿಯನ್ನು ಅದೇ ದಿನ ಗುಡಿಸಿ ತೆಗೆಯಬೇಕು.

ಕೆಲಸ ಶುರುವಾಗುವ ಮುಂಚೆ

1. ಮೊದಲು ಗಾಡಿಯನ್ನು ದೂರ ನಿಲ್ಲಿಸಬೇಕು, ಅದೂ ಗಾಳಿ ಬರುವ ದಿಕ್ಕಿನಲ್ಲಿ. ತಣ್ಣಗಾದ ಪುಡಿಯೂ ಗಾಳಿಯಲ್ಲಿ ಹಾರಿ ಬಂದು ಕೂರುತ್ತದೆ. ಪೆಟ್ರೋಲ್ ಇರುವ ಗಾಡಿಯ ಹತ್ತಿರ ಕಿಡಿ ಹಾರಿಸುವುದು ಬೆಂಕಿಗೆ ದಾರಿ ಎಂಬುದನ್ನೂ ಮರೆಯಬೇಡಿ.

2. ಗಾಡಿ ಸರಿಸಲು ಆಗದಿದ್ದರೆ ಕಿಡಿ ಗಾಡಿಯ ಕಡೆಗೆ ಹೋಗದ ಹಾಗೆ ಕೆಲಸದವರು ನಿಲ್ಲುವ ಜಾಗ ಬದಲಿಸಬೇಕು.

3. ನಡುವೆ ತಗಡು ಅಥವಾ ಒದ್ದೆ ಗೋಣಿಚೀಲವನ್ನು ಪರದೆಯ ಹಾಗೆ ಕಟ್ಟಬೇಕು. ನೀರು ಆವಿಯಾಗುವಾಗ ಉಷ್ಣವನ್ನು ಹೀರುತ್ತದೆ. ಗೋಣಿ ಒಣಗದ ಹಾಗೆ ನೋಡಿಕೊಳ್ಳಬೇಕು. ವಯರು, ಪ್ಲಗ್ಗಿನ ಹತ್ತಿರ ಮಾತ್ರ ಒದ್ದೆ ಗೋಣಿ ಬೇಡ. ಅದನ್ನು ಗಾಡಿಯ ಮೇಲೆ ಹಾಸುವುದೂ ಬೇಡ, ಅದರ ಮಣ್ಣೇ ಪೇಂಟನ್ನು ಗೀಚುತ್ತದೆ. ಪ್ಲಾಸ್ಟಿಕ್ ಟಾರ್ಪಾಲು ಕಿಡಿಗೆ ಕರಗಿ ತೂತಾಗುತ್ತದೆ, ಬೆಂಕಿಯೂ ಹಿಡಿಯಬಹುದು.

ಕೆಲಸ ಮುಗಿದ ಮೇಲೆ

ತುಂಬ ಜನ ಒಣ ಬಟ್ಟೆಯಿಂದ ಒರೆಸುತ್ತಾರೆ. ಅದೇ ಹಾನಿ! ಚೂಪಾದ ಕಣಗಳು ಬಟ್ಟೆಯಡಿ ಸಿಕ್ಕಿ ಗೀರು ಎಳೆಯುತ್ತವೆ. ಮೊದಲು ಧಾರಾಳ ನೀರು ಸುರಿದು ಸಡಿಲ ಕಣಗಳನ್ನು ತೊಳೆಯಬೇಕು, ಅದೂ ಅದೇ ದಿನ, ಇಬ್ಬನಿ ಬೀಳುವ ಮುಂಚೆ.

ಹುದುಗಿದ ಕಣಗಳಿಗೆ ಗಾಡಿ ತೊಳೆಯುವವರ ಬಳಿ ಕಬ್ಬಿಣ ಕರಗಿಸುವ ದ್ರಾವಣ ಇರುತ್ತದೆ. ಅದರಲ್ಲಿರುವ ಥಯೋಗ್ಲೈಕೊಲೇಟ್ ಎಂಬ ಲವಣ ಕಬ್ಬಿಣದೊಂದಿಗೆ ಸೇರಿ, ನೀರಿನಲ್ಲಿ ಕರಗುವ ನೇರಳೆ ಬಣ್ಣದ ವಸ್ತುವಾಗುತ್ತದೆ. ಎಲ್ಲಿ ನೇರಳೆ ಕಂಡಿತೋ ಅಲ್ಲಿ ಕಬ್ಬಿಣ ಇತ್ತು ಎಂದರ್ಥ. ಇದು ಕೈಗವಸು ಹಾಕಿಕೊಂಡು ದೊಡ್ಡವರು ಮಾಡುವ ಕೆಲಸ. ಪಾತ್ರೆ ತಿಕ್ಕುವ ಸ್ಟೀಲ್ ಜುಂಗು, ಕಕ್ಕಸಿಗೆ ಹಾಕುವ ಆ್ಯಸಿಡ್ ಎರಡೂ ಬೇಡವೇ ಬೇಡ.

ಕಣ್ಣಿಗೂ ಇದೇ ಪಾಠ

ಗಾಡಿಗೆ ಮತ್ತೆ ಪೇಂಟ್ ಹೊಡೆಯಬಹುದು, ಕಣ್ಣಿಗೆ ಆಗುವುದಿಲ್ಲ. ಕಬ್ಬಿಣದ ಕಣ ಕಣ್ಣಿನ ಕಪ್ಪುಭಾಗದ ಮೇಲಿನ ಪಾರದರ್ಶಕ ಪಟಲದಲ್ಲಿ, ಅಂದರೆ ಕಾರ್ನಿಯದಲ್ಲಿ, ಸಿಕ್ಕಿಕೊಂಡರೆ ಅಲ್ಲಿಯೂ ತುಕ್ಕು ಹಿಡಿದು ಸುತ್ತ ಉಂಗುರ ಕಟ್ಟುತ್ತದೆ. ಉಜ್ಜಬೇಡಿ, ಶುದ್ಧ ನೀರಿನಲ್ಲಿ ತೊಳೆದು ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಗ್ರೈಂಡರ್ ನಡೆಯುವಾಗ ಕಿಡಿಯ ಸಾಲಿನಲ್ಲಿ ನಿಂತು ನೋಡುವುದು ಬೇಡ. ಕೆಲಸ ಮಾಡುವ ಅಣ್ಣನಿಗೆ ಕನ್ನಡಕ ಇಲ್ಲದಿದ್ದರೆ ಹಾಕಿಕೊಳ್ಳಲು ಹೇಳಿ.

ಮಾಡಿ ನೋಡಿ

ಕೆಲಸ ಪೂರ್ತಿ ನಿಂತ ಮೇಲೆ, ಟೀಚರ ಜೊತೆಯಲ್ಲಿ, ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ನೆಲದ ಪುಡಿಯನ್ನು ಸಂಗ್ರಹಿಸಿ. ಭೂತಗನ್ನಡಿಯಲ್ಲಿ ನೋಡಿ: ಉಂಡೆಗಳಿವೆಯೇ, ಸುರುಳಿಗಳಿವೆಯೇ? ಪುಡಿಯನ್ನು ಮೂರು ಬಿಳಿ ಟೈಲ್ ಚೂರುಗಳ ಮೇಲೆ ಉದುರಿಸಿ. ಒಂದನ್ನು ಒಣಗಿದ ಹಾಗೇ ಬಿಡಿ, ಎರಡನೆಯದಕ್ಕೆ ನೀರು, ಮೂರನೆಯದಕ್ಕೆ ಉಪ್ಪುನೀರು ಚಿಮುಕಿಸಿ. ಮರುದಿನ ನೋಡಿ ಬರೆಯಿರಿ.

ಯೋಚಿಸಿ

1. ಚಕ್ರದ ವ್ಯಾಸ 125 ಮಿ.ಮೀ. ಆಗಿ, ಸುತ್ತುಗಳು ಅಷ್ಟೇ ಇದ್ದರೆ ಅಂಚಿನ ವೇಗ ಎಷ್ಟು?
2. ಅಲ್ಯೂಮಿನಿಯಂ ಪುಡಿ ಬಿದ್ದ ಗಾಡಿಯಲ್ಲಿ ಕಂದು ಚುಕ್ಕೆ ಯಾಕೆ ಬರುವುದಿಲ್ಲ?
3. ಗಾಡಿಯ ಬದಿಗಿಂತ ಬಾನೆಟ್ಟು, ಮಾಡಿನ ಮೇಲೆ ಚುಕ್ಕೆ ಹೆಚ್ಚಿದ್ದರೆ, ಅದು ನೇರವಾಗಿ ಬಡಿದ ಕಿಡಿಯೋ, ಗಾಳಿಯಲ್ಲಿ ಬಂದ ಪುಡಿಯೋ? ಕಾರಣ ಕೊಡಿ.