ಬಿಯರ್ ಕೆಟ್ಟದ್ದೋ, ಇಟ್ಟ ಜಾಗ ಕೆಟ್ಟದ್ದೋ?

ಅಗ್ಗದ ಬಿಯರಿನ ಬಗ್ಗೆ ನಿಮ್ಮ ನೆನಪು, ದೂರು, ಅನುಮಾನಗಳನ್ನು ಬರೆಯಿರಿ ಎಂದು ಕೇಳಿದ್ದೆವು. ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಬಿಯರ್ ತಯಾರಿಕೆ ಬಲ್ಲ ತಜ್ಞರು ಇಲ್ಲಿ ಉತ್ತರಿಸಿದ್ದಾರೆ. ಬರೆದವರೆಲ್ಲ ಹೆಸರು ಹಾಕಬೇಡಿ ಎಂದಿದ್ದಾರೆ. ಕಾರಣ ಕೇಳುವ ಅಗತ್ಯವಿಲ್ಲ!

ಪ್ರಶ್ನೆ: ಎಂಬತ್ತರ ದಶಕದಲ್ಲಿ ನಾವು ಗೆಳೆಯರು ಬಿಯರ್ ಕುಡಿಯುವ ಮುಂಚೆ ಒಂದು ಶಾಸ್ತ್ರ ಮಾಡುತ್ತಿದ್ದೆವು. ಗ್ಲಾಸಿನಲ್ಲಿ ನೀರಿಟ್ಟು, ಮುಚ್ಚಳ ತೆಗೆದ ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ತಲೆಕೆಳಗು ಮಾಡಿ ನೀರಿನೊಳಗೆ ಇಳಿಸಿ ಬೆರಳು ತೆಗೆಯುವುದು. ಎಣ್ಣೆಯಂಥದ್ದು ಎಳೆಎಳೆಯಾಗಿ ತಳಕ್ಕೆ ಇಳಿಯುತ್ತಿತ್ತು. ಅದೇ ಗ್ಲಿಸರಿನ್, ಅದು ಹೋದರೆ ತಲೆನೋವು ಬರುವುದಿಲ್ಲ ಎನ್ನುತ್ತಿದ್ದರು. ನಿಜವೇ?
– ನಿವೃತ್ತ ಮೇಷ್ಟ್ರು, ಚಿಂತಾಮಣಿ

ಉತ್ತರ: ಮೇಷ್ಟ್ರೇ, ತಳಕ್ಕೆ ಇಳಿದದ್ದು ಬಿಯರೇ. ಹುಳಿಯದೆ ಉಳಿದ ಮಾಲ್ಟಿನ ಅಂಶದಿಂದಾಗಿ ಬಿಯರು ನೀರಿಗಿಂತ ಒಂದಿಷ್ಟು ಭಾರ. ಅದು ಕೆಳಗಿಳಿಯಿತು, ಗ್ಲಾಸಿನ ನೀರು ಬಾಟಲಿಗೆ ಏರಿತು. ಸಕ್ಕರೆ ಪಾಕ ನೀರಿಗೆ ಬಿದ್ದಾಗ ಕಾಣುವ ಎಳೆಗಳೇ ಇವು. ಗ್ಲಿಸರಿನ್ ಇರುವುದು ಸುಳ್ಳಲ್ಲ. ಹುದುಗುವಾಗ ಯೀಸ್ಟೇ ಅದನ್ನು ಅಲ್ಪಸ್ವಲ್ಪ ತಯಾರಿಸುತ್ತದೆ, ವೈನಿನಲ್ಲೂ ಇರುತ್ತದೆ. ಆದರೆ ಅದು ಪೂರ್ತಿ ಕರಗಿರುವುದರಿಂದ ಬಾಟಲಿ ಬೋರಲು ಹಾಕಿದರೆ ಬೇರೆಯಾಗಿ ಹೊರಬರುವುದಿಲ್ಲ. ತಲೆನೋವು ಕಡಿಮೆಯಾಗಿದ್ದರೆ ಅದರ ಶ್ರೇಯ ಬಾಟಲಿಗೆ ಸೇರಿದ ನೀರಿಗೆ ಸಲ್ಲಬೇಕು.

ಪ್ರಶ್ನೆ: ಗೂಡಿಗೆ ಒಳ್ಳೆ ರೇಟು ಸಿಕ್ಕ ದಿನ ಮಾಮೂಲಿ ಬ್ರ್ಯಾಂಡು, ರೇಟು ಬಿದ್ದ ದಿನ ಅಗ್ಗದ ಸ್ಟ್ರಾಂಗು. ಇದು ಬಾಯಿಗಿಟ್ಟಾಗ ಸಿಹಿ, ಗಂಟಲಲ್ಲಿ ಉರಿ, ಆಮೇಲೆ ಎಷ್ಟು ಹೊತ್ತಾದರೂ ಹೋಗದ ಒಗರು. ಬೆಳಿಗ್ಗೆ ತಲೆ ಸಿಡಿತ. ಇದರಲ್ಲಿ ಏನು ಹಾಕುತ್ತಾರೆ?
– ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ

ಉತ್ತರ: ವಿಷವನ್ನೇನೂ ಹಾಕುವುದಿಲ್ಲ, ಸಕ್ಕರೆ ಹಾಕುತ್ತಾರೆ. ಬಾರ್ಲಿಯ ಮಾಲ್ಟು ದುಬಾರಿ. ಖರ್ಚು ಉಳಿಸಿ ಅಮಲು ಏರಿಸಬೇಕೆಂದರೆ ಸಕ್ಕರೆಯೇ ಸುಲಭದ ದಾರಿ. ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಹುದುಗಿಬಿಡುತ್ತದೆ, ಮಾಲ್ಟು ಕೊಡುವ ಮೈಕಟ್ಟನ್ನು ಕೊಡುವುದಿಲ್ಲ. ಬೇಗ ಮುಗಿಯಲೆಂದು ಹೆಚ್ಚು ಶಾಖದಲ್ಲಿ ಹುದುಗಿಸಿದರೆ ಫ್ಯೂಸೆಲ್ ಆಲ್ಕೋಹಾಲ್‌ಗಳು ಜಾಸ್ತಿಯಾಗುತ್ತವೆ. ನಿಮ್ಮ ಗಂಟಲ ಉರಿಯಲ್ಲಿ ಅವುಗಳ ಪಾಲಿದೆ. ಅಕ್ಕಿ, ಮೆಕ್ಕೆಜೋಳ ಬೆರೆಸುವುದು ಮಾತ್ರ ಕಳ್ಳತನವಲ್ಲ. ಅಮೆರಿಕದ ಬಡ್‌ವೈಸರ್‌ನಲ್ಲೂ ಅಕ್ಕಿಯಿದೆ.

ತಲೆ ಸಿಡಿತದ ಲೆಕ್ಕ ಬೇರೆ. ನಮ್ಮಲ್ಲಿ ಶೇ 5 ದಾಟಿ ಶೇ 8ರವರೆಗಿನದು ಸ್ಟ್ರಾಂಗ್ ಬಿಯರು. 650 ಮಿ.ಲೀ. ಬಾಟಲಿಯಲ್ಲಿ ಶೇ 8 ಎಂದರೆ 52 ಮಿ.ಲೀ. ಶುದ್ಧ ಆಲ್ಕೋಹಾಲ್. ಶೇ 42.8ರ ವಿಸ್ಕಿಯಲ್ಲಿ 60ರ ಎರಡು ಪೆಗ್ ಹಾಕಿದರೂ ಹೆಚ್ಚುಕಡಿಮೆ ಇಷ್ಟೇ. 'ಬಿಯರು ತಾನೆ' ಎಂದು ಎರಡು ಬಾಟಲಿ ಇಳಿಸಿದವರು ನಾಲ್ಕು ಪೆಗ್ ಹಾಕಿದ್ದಾರೆ.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋದರೂ 'ಕೊಟ್ಟ ಕಾಸಿಗೆ ಕಿಕ್ಕೆಷ್ಟು' ಎಂಬ ಲೆಕ್ಕಾಚಾರ ಹೋಗಲಿಲ್ಲ. ದೇಶದ ಬಿಯರ್ ಮಾರಾಟದಲ್ಲಿ ಸ್ಟ್ರಾಂಗಿನದೇ ಸಿಂಹಪಾಲು. ಗಿರಾಕಿ ರುಚಿ ಕೇಳದಿದ್ದರೆ ಕಂಪನಿ ಯಾಕೆ ಕೊಡುತ್ತದೆ? ಇನ್ನು ಅಗ್ಗದ್ದೂ ಈಗ ಅಗ್ಗವಾಗಿ ಉಳಿದಿಲ್ಲ. 2025ರ ಜನವರಿ 20ರ ದರ ಏರಿಕೆಯಲ್ಲಿ 100 ರೂಪಾಯಿಯ ಲೆಜೆಂಡ್ 145 ಆಯಿತು, 130ರ ಪವರ್ ಕೂಲ್ 155 ಆಯಿತು. ಮೇಲಿನ ದರದವು ಹತ್ತು ರೂಪಾಯಿಯಷ್ಟು ಏರಿದಾಗ ಕೆಳಗಿನವಕ್ಕೆ ಬಿದ್ದ ಪೆಟ್ಟು ಇದು.

ಪ್ರಶ್ನೆ: ಗೆಳೆಯನ ದ್ರಾಕ್ಷಿ ತೋಟದಲ್ಲಿ ಮಧ್ಯಾಹ್ನ ಕೂತು ಹಸಿರು ಬಾಟಲಿಯ ಬಿಯರ್ ಕುಡಿದೆವು. ಮೊದಲ ಗ್ಲಾಸು ಚೆನ್ನಾಗಿತ್ತು. ಊಟ ಮುಗಿಸಿ ಬಂದು ಕುಡಿದರೆ ಅದೇ ಬಾಟಲಿ ಸುಟ್ಟ ರಬ್ಬರಿನ ವಾಸನೆ. ನಕಲಿ ಮಾಲೇ?
– ಹೂವಿನ ವ್ಯಾಪಾರಿ, ಚಿಕ್ಕಬಳ್ಳಾಪುರ

ಉತ್ತರ: ಅಸಲಿಯೇ ಇರಬೇಕು, ಕೆಡಿಸಿದ್ದು ಬಿಸಿಲು. ಬಿಯರಿನ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನದು. ಆ ಕಹಿಯ ಅಂಶಕ್ಕೆ ಬಿಸಿಲು ತಾಗಿದರೆ, ಬಿಯರಿನಲ್ಲೇ ಇರುವ ರೈಬೋಫ್ಲೇವಿನ್ ಎಂಬ ಜೀವಸತ್ವದ ನೆರವಿನಿಂದ ಗಂಧಕದ ಒಂದು ಸಂಯುಕ್ತ ಹುಟ್ಟುತ್ತದೆ. ಅದು ನೂರಾರು ಕೋಟಿ ಭಾಗದಲ್ಲೊಂದಿದ್ದರೂ ಮೂಗಿಗೆ ಬಡಿಯುತ್ತದೆ. ನಡು ಮಧ್ಯಾಹ್ನದ ಬಿಸಿಲಿಗೆ ಇದಕ್ಕೆ ಕೆಲವೇ ನಿಮಿಷ ಸಾಕು. ಕಂದು ಗಾಜು ಈ ಬೆಳಕನ್ನು ಬಹುಪಾಲು ತಡೆಯುತ್ತದೆ. ಹಸಿರು, ಬಿಳಿ ಗಾಜು ಅಷ್ಟಾಗಿ ತಡೆಯುವುದಿಲ್ಲ. ದುಬಾರಿ ಬಿಯರುಗಳು ಹಸಿರು ಬಾಟಲಿಯಲ್ಲೂ, ನಾವು ಆಡಿಕೊಳ್ಳುವ ಅಗ್ಗದವು ಕಂದು ಬಾಟಲಿಯಲ್ಲೂ ಬರುವುದುಂಟು. ಈ ಒಂದು ವಿಷಯದಲ್ಲಿ ಬಡವರ ಬಾಟಲಿಯೇ ಗಟ್ಟಿ.

ಪ್ರಶ್ನೆ: ನನ್ನ ಹೆಂಡತಿಯ ತವರು ಹಿಂದೂಪುರ. ಕೆಲವು ವರ್ಷಗಳ ಹಿಂದೆ ಭಾವಮೈದ ಬಂದಾಗಲೆಲ್ಲ 'ಬಾವಾ, ನಿಮ್ಮೂರ ಬಿಯರೇ ಬಿಯರು' ಎನ್ನುತ್ತಿದ್ದ. ನಮ್ಮೂರಲ್ಲಿ ನಾವು ಬೈಯುವ ಬಿಯರು ಅವನಿಗೆ ಅಮೃತ. ಅಲ್ಲಿಯದು ಅಷ್ಟು ಕೆಟ್ಟದಾಗಿತ್ತೇ?
– ಓದುಗ, ಗೌರಿಬಿದನೂರು

ಉತ್ತರ: 2019ರ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಖಾಸಗಿ ಮದ್ಯದಂಗಡಿಗಳನ್ನು ಮುಚ್ಚಿಸಿ ತಾನೇ ಅಂಗಡಿ ತೆರೆಯಿತು. ಜನಪ್ರಿಯ ಬ್ರ್ಯಾಂಡುಗಳು ಸಿಗುವುದು ಕಷ್ಟವಾಗಿ, ಹೆಸರೇ ಕೇಳದ ಬಾಟಲಿಗಳು ಬಂದವು. 'ಬೂಮ್ ಬೂಮ್' ಬಿಯರಂತೂ ತೆಲುಗು ನಾಡಿನ ನಗೆಚಾಟಿಕೆಯ ಸರಕಾಯಿತು. 2024ರ ಅಕ್ಟೋಬರಿನಲ್ಲಿ ಖಾಸಗಿ ಅಂಗಡಿಗಳು ಮರಳಿದವು. ಬೆಲೆ ಹೆಚ್ಚು, ಆಯ್ಕೆ ಕಡಿಮೆ ಎಂಬ ಸಿಟ್ಟು ನಾಲಿಗೆಯನ್ನೂ ಕೆಡಿಸುತ್ತದೆ. ನಿಮ್ಮ ಭಾವಮೈದನಿಗೆ ನಮ್ಮ ಬಿಯರು ಹಿತವೆನಿಸಿದ್ದರಲ್ಲಿ ಕೇಳಿದ ಬ್ರ್ಯಾಂಡು ಸಿಕ್ಕಿದ ಸಂತೋಷದ ಪಾಲೂ ಇದೆ. 1995ರಲ್ಲಿ ಅಲ್ಲಿ ಪಾನನಿಷೇಧ ಬಂದಾಗಲೂ ಕುಡಿಯುವವರ ಕಣ್ಣು ಗಡಿಯ ಈಚೆಗೇ ಇತ್ತು. ನಿಮ್ಮ ಭಾವಮೈದ ಇಲ್ಲಿಗೆ ಬಂದು ಕುಡಿಯಲಿ, ಚೀಲದಲ್ಲಿ ಕಟ್ಟಿ ಕಳಿಸಬೇಡಿ. ಚೆಕ್‌ಪೋಸ್ಟಿನಲ್ಲಿ ನೆಂಟಸ್ತಿಕೆ ನಡೆಯುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಕಿಡ್ನಿಯಲ್ಲಿ ಕಲ್ಲು. 'ಬಿಯರ್ ಕುಡಿದರೆ ಕರಗುತ್ತೆ, ಅದು ಬಾರ್ಲಿ ನೀರೇ ತಾನೆ' ಅಂತ ದಿನಾ ಒಂದು ತರುತ್ತಾರೆ. ರುಚಿ ಕೆಟ್ಟದ್ದು, ಔಷಧಿ ಥರ ಕುಡೀತೀನಿ ಅಂತಾರೆ. ನಂಬಲೇ?
– ಗೃಹಿಣಿ, ಚಿಂತಾಮಣಿ ತಾಲ್ಲೂಕು

ಉತ್ತರ: ನಂಬಬೇಡಿ ತಾಯಿ. ಬಿಯರ್ ಕಲ್ಲನ್ನು ಕರಗಿಸುವುದಿಲ್ಲ. ಮೂತ್ರ ಹೆಚ್ಚು ಹೋಗುವುದು ನಿಜ, ಆದರೆ ಆಲ್ಕೋಹಾಲ್ ಮೈಯ ನೀರನ್ನೇ ಹೊರಹಾಕುತ್ತದೆ. ಅದರ ಮೇಲೆ ಬಿಯರು ಯೂರಿಕ್ ಆಮ್ಲವನ್ನೂ ಏರಿಸುತ್ತದೆ, ಕೆಲವು ಕಲ್ಲುಗಳು ಅದರಿಂದಲೇ ಆದಂಥವು. ಸಣ್ಣ ಕಲ್ಲು ಎಷ್ಟೋ ಸಲ ತಾನಾಗಿ ಇಳಿದುಹೋಗುತ್ತದೆ, ಹೆಸರು ಮಾತ್ರ ಬಿಯರಿಗೆ ಬರುತ್ತದೆ. ಬಾರ್ಲಿ ನೀರೇ ಬೇಕೆಂದರೆ ಅಂಗಡಿಯಿಂದ ಬಾರ್ಲಿ ತಂದು ಬೇಯಿಸಿ ಸೋಸಿ ಕೊಡಿ, ದಿನಕ್ಕೆ ಎರಡು ಲೀಟರಿಗಿಂತ ಹೆಚ್ಚು ಮೂತ್ರ ಹೋಗುವಷ್ಟು ನೀರು ಕುಡಿಸಿ. ಜ್ವರ, ತಡೆಯಲಾರದ ನೋವು, ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಕೊನೆಯದಾಗಿ, ಕುಡಿಯುವ ಓದುಗರಿಗೆ ಒಂದು ಮಾತು. ಬೆಲೆ ನೋಡಿ ಬಿಯರನ್ನು ಬೈಯುವ ಮೊದಲು ಲೇಬಲ್ಲಿನ ತಾರೀಖು ನೋಡಿ. ತಯಾರಾಗಿ ತಿಂಗಳುಗಟ್ಟಲೆ ಬೆಚ್ಚಗೆ ಕೂತ ಬಾಟಲಿ ಯಾವ ಕಂಪನಿಯದಾದರೂ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಅಂಗಡಿಯ ಮುಂದೆ ಬಿಸಿಲಿಗೆ ಇಟ್ಟ ಕ್ರೇಟಿನದನ್ನು ತೆಗೆದುಕೊಳ್ಳಬೇಡಿ. ಬಾಯಿಗೆ ಹಿಡಿಸದಿದ್ದರೆ ಕಾಸು ಕೊಟ್ಟೆನಲ್ಲ ಎಂದು ಮುಗಿಸಬೇಡಿ, ಚೆಲ್ಲಿಬಿಡಿ. ಕುಡಿದ ಮೇಲೆ ಬೈಕಿನ ಕೀಲಿ ಮಾತ್ರ ಬೇರೆಯವರ ಕೈಗೆ ಕೊಡಿ.