ಎಣ್ಣೂರಿಗೆ 21 ಬೈಟ್

ಪುಟ್ಟಿ, ಮೊನ್ನೆ ಗೋ ಭಾಷೆ ಕಲಿಯುತ್ತಾ ‘ಮನೆ’ ಅಂತ ಒಂದು ವೇರಿಯಬಲ್‌ಗೆ ಹೆಸರಿಟ್ಟೆ. ಕಂಪೈಲರ್ ಒಪ್ಪಲಿಲ್ಲ. ‘ಮನ’ ಅಂತ ಬರೆದರೆ ತಕರಾರಿಲ್ಲದೆ ನುಂಗಿಕೊಂಡಿತು. ‘ಇದಕ್ಕೆ ಕನ್ನಡ ಬರಲ್ಲ ಬಿಡಿ ದೊಡ್ಡಪ್ಪ’ ಅಂತ ನಕ್ಕು, ಇಂಗ್ಲಿಷ್ ಹೆಸರು ಹಾಕಿ ಮುಂದೆ ಹೋದೆ. ಕೆಲಸ ಆಯಿತು, ಸರಿ. ಆದರೆ ಅಲ್ಲೇ ಒಂದು ಗಳಿಗೆ ನಿಲ್ಲಬೇಕಿತ್ತು. ‘ಮನ’ ಆಗುತ್ತೆ, ‘ಮನೆ’ ಆಗಲ್ಲ ಅಂದರೆ ಅದು ಕನ್ನಡ ಬಾರದ ಲಕ್ಷಣವಲ್ಲ. ಯಾರೋ ಕೂತು ಮಾಡಿದ ತೀರ್ಮಾನ ಅದು.

ಮುಂದಿನ ತಿಂಗಳು ಕೆಲಸಕ್ಕೆ ಸೇರುತ್ತೀ. ಎಣ್ಣೂರಿನಲ್ಲಿ ಲೋಕಲ್ ಹತ್ತಿ ಚೆನ್ನೈ ಸೆಂಟ್ರಲ್, ಅಲ್ಲಿಂದ ತರಮಣಿ. ಅಷ್ಟು ದೂರ ಓಡಾಡುವವಳ ತಲೆಗೆ ಬುದ್ಧಿಮಾತಿನ ಮೂಟೆ ಬೇರೆ ಹೊರಿಸುವುದಿಲ್ಲ. ಹೇಳುವುದು ಇಷ್ಟೇ: ಕಂಪೈಲರ್ ಬೇಡ ಅಂದರೆ, ಲೈಬ್ರರಿ ವಿಚಿತ್ರ ಉತ್ತರ ಕೊಟ್ಟರೆ, ಅದರ ಸೋರ್ಸ್ ಬಿಚ್ಚಿ ನೋಡು.

ಗೋ ವಿಷಯದಲ್ಲಿ ಇದು ಸುಲಭ. ಕಂಪೈಲರ್ ಮೊದಲು ಸಿ ಭಾಷೆಯಲ್ಲಿತ್ತು. 2015ರಲ್ಲಿ ಬಂದ 1.5ನೇ ಆವೃತ್ತಿಯಿಂದ ಗೋದಲ್ಲೇ ಇದೆ. ಅಂದರೆ ನಿನಗೆ ಬರುವ ಭಾಷೆಯಲ್ಲೇ. ಅದರ ಮೊದಲ ಮೆಟ್ಟಿಲು ಸ್ಕ್ಯಾನರ್, ನೀನು ಬರೆದಿದ್ದನ್ನು ಒಂದೊಂದೇ ಚಿಹ್ನೆಯಾಗಿ ಓದಿ ಪದ ಕಟ್ಟುವ ಭಾಗ. ಅದರಲ್ಲೊಂದು ಪುಟ್ಟ ಫಂಕ್ಷನ್ ಹೆಸರುಗಳನ್ನು ತಪಾಸಣೆ ಮಾಡುತ್ತದೆ. ಬಂದದ್ದು ಅಕ್ಷರವೋ ಅಂಡರ್‌ಸ್ಕೋರೋ? ಒಳಗೆ ಬಾ. ಅಂಕಿಯೋ? ಮೊದಲ ಸ್ಥಾನದಲ್ಲಿ ಇರದಿದ್ದರೆ ಬಾ. ಇಂಗ್ಲಿಷ್ ಕೀಲಿಗಳಾಚೆಯ ಬೇರೇನೋ? ಹೆಸರಿನಲ್ಲಿ ಸಲ್ಲದ ಚಿಹ್ನೆ ಅಂತ ದೂರು. ಯೂನಿಕೋಡ್ ಲೆಕ್ಕದಲ್ಲಿ ಮ, ನ ಎರಡೂ ಅಕ್ಷರಗಳು. ಎತ್ವ ಮಾತ್ರ ಅಕ್ಷರಕ್ಕೆ ಅಂಟುವ ಗುರುತು. ‘ಮನೆ’ ಬಾಗಿಲಲ್ಲೇ ನಿಂತದ್ದು ಇದಕ್ಕೆ. ಎಣ್ಣೂರು ಅಂತ ಹೆಸರಿಟ್ಟಿದ್ದರೂ ಮೂರನೆಯ ಚಿಹ್ನೆ ಹಲಂತದಲ್ಲೇ ಮುಗ್ಗರಿಸುತ್ತಿತ್ತು.

ಇದು ಅವರ ಕಣ್ತಪ್ಪಲ್ಲ. ಗುಣಿತದ ಗುರುತುಗಳನ್ನು ಬೇಕೆಂದೇ ಬಿಟ್ಟಿದ್ದೇವೆ, ಇದರಿಂದ ದೇವನಾಗರಿಯಂಥ ಲಿಪಿಗಳು ಹೊರಗುಳಿಯುತ್ತವೆ ಎಂದು ಗೋ ತಂಡದವರೇ ತಮ್ಮ ಪ್ರಶ್ನೋತ್ತರದಲ್ಲಿ ಬರೆದುಕೊಂಡಿದ್ದಾರೆ. ಸಿಟ್ಟು ಬರುತ್ತದೆ, ನನಗೂ ಬರುತ್ತದೆ. ಆದರೆ ತೊಡಕೂ ನಿಜವೇ. ‘ಕೊ’ದಲ್ಲಿನ ಒತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪೈಲರ್ ಕಣ್ಣಿಗೆ ಎರಡು ಬೇರೆ ಹೆಸರು. ಇಂಥ ಬಗ್ ಹುಡುಕಲು ಕೂತರೆ ರಾತ್ರಿ ಬೆಳಗಾಗುತ್ತದೆ. ಪೈಥಾನ್‌ನವರು 2008ರ ಮೂರನೇ ಆವೃತ್ತಿಯಲ್ಲಿ ಇದಕ್ಕೆ ದಾರಿ ಕಂಡುಕೊಂಡರು: ಹೆಸರು ಹೇಗೇ ಬಂದರೂ ಮೊದಲು ಒಂದೇ ರೂಪಕ್ಕೆ ತರುತ್ತಾರೆ, ಆಮೇಲೆ ಹೋಲಿಸುತ್ತಾರೆ. ಅಲ್ಲಿ ‘ಮನೆ’ ನಡೆಯುತ್ತದೆ. ಅಷ್ಟೇಕೆ, ‘೨೦’ ಎಂಬ ಸ್ಟ್ರಿಂಗ್ ಕೊಟ್ಟರೆ ಪೈಥಾನ್ ಅದನ್ನು ಇಪ್ಪತ್ತು ಅಂತ ಎಣಿಸಿಕೊಳ್ಳುತ್ತದೆ. ಗೋ ತಪ್ಪೆಂದು ವಾಪಸ್ ಕಳಿಸುತ್ತದೆ. ಸಿ ಭಾಷೆಯ ಹಳೆಯ ಫಂಕ್ಷನ್ ಸದ್ದಿಲ್ಲದೆ ಸೊನ್ನೆ ಕೊಡುತ್ತದೆ. ಮೂರರಲ್ಲಿ ನನಗೆ ಭಯ ಆ ಮೂರನೆಯದರದ್ದೇ.

ಈಗ ನಮ್ಮೂರಿನ ಹೆಸರನ್ನೇ ಅಳೆದು ನೋಡು. ಕನ್ನಡದಲ್ಲಿ ‘ಎಣ್ಣೂರು’ ಎಷ್ಟುದ್ದ? ಶಾಲೆಗೆ ಹೋಗುವ ಮಗು ಮೂರಕ್ಷರ ಅನ್ನುತ್ತದೆ. ಪೈಥಾನ್ 7 ಅನ್ನುತ್ತದೆ. ಗೋ 21 ಅನ್ನುತ್ತದೆ. ಪಕ್ಕದ ಮನೆಯ ತಮಿಳು ಹುಡುಗ ತನ್ನ ಲಿಪಿಯಲ್ಲಿ ಬರೆದು ಎ, ಣ್, ಣೂ, ರ್ ಅಂತ ನಾಲ್ಕು ಎಣಿಸಿದರೆ, ಯಂತ್ರಗಳು ಅವನಿಗೂ 7, 21 ಅನ್ನುತ್ತವೆ. ಯಾರದ್ದೂ ತಪ್ಪಲ್ಲ. ಪೈಥಾನ್ ಯೂನಿಕೋಡ್ ಚಿಹ್ನೆಗಳನ್ನು ಎಣಿಸುತ್ತದೆ, ಗೋ ಬೈಟುಗಳನ್ನು. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. 1992ರಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಕೂತು, ತಟ್ಟೆಯಡಿ ಹಾಸುವ ಕಾಗದದ ಮೇಲೆ ಈ ಪದ್ಧತಿ ರೂಪಿಸಿದವರು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. ಮುಂದೆ ರಾಬರ್ಟ್ ಗ್ರೀಸೆಮರ್ ಜೊತೆ ಸೇರಿ ಗೋ ಕಟ್ಟಿದವರೂ ಇವರೇ, ಹಾಗಾಗಿ ಅದು ಬೈಟಿನ ಲೆಕ್ಕ ಹಿಡಿದದ್ದು ಅಚ್ಚರಿಯಲ್ಲ. ನಾಳೆ ಯಾವುದೋ ಫಾರ್ಮಿನಲ್ಲಿ ಊರಿನ ಹೆಸರಿಗೆ 20 ಬೈಟ್ ಸಾಕು ಅಂತ ಯಾರಾದರೂ ಕತ್ತರಿ ಹಾಕಿದರೆ, ಕೊನೆಯ ಕೊಂಬು ಮುರಿದು ಆ ಜಾಗದಲ್ಲಿ ಕಸ ಕಾಣುತ್ತದೆ. ಸಭೆಯಲ್ಲಿ ಎದ್ದು ಯಾಕೆ ಹೀಗೆ ಅಂತ ಹೇಳಬಲ್ಲವಳು ನೀನೇ ಆಗಿರುತ್ತೀ.

ಥಾಂಪ್ಸನ್ ಹೆಸರು ಬಂತಲ್ಲ, ಅವನ ಇನ್ನೊಂದು ಮಾತನ್ನೂ ಕೇಳು. ಗೋ ಕಂಪೈಲರನ್ನು ಕಂಪೈಲ್ ಮಾಡಲು ಹಳೆಯದೊಂದು ಗೋ ಕಂಪೈಲರ್ ಬೇಕು, ಮೊಸರಿಗೆ ನಿನ್ನೆಯ ಮೊಸರಿನ ಹೆಪ್ಪು ಬೇಕಾದಂತೆ. ಹೆಪ್ಪು ಕೆಟ್ಟಿದ್ದರೆ? 1984ರಲ್ಲಿ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಅವನು ತೋರಿಸಿದ್ದು ಇದನ್ನೇ: ಕಂಪೈಲರಿನೊಳಗೆ ಒಮ್ಮೆ ಕಳ್ಳಬಾಗಿಲು ಸೇರಿಸಿಬಿಟ್ಟರೆ, ಸೋರ್ಸ್‌ನಿಂದ ಅದನ್ನು ಅಳಿಸಿ ಹಾಕಿದರೂ ಮುಂದಿನ ಕಂಪೈಲರಿಗೆ ಅದು ತಾನಾಗಿಯೇ ದಾಟಿಕೊಳ್ಳುತ್ತದೆ. ಸೋರ್ಸ್ ಓದು ಅಂತ ಹೇಳುತ್ತಿರುವ ನನ್ನ ಮಾತಿಗೂ ಒಂದು ಮಿತಿ ಇದೆ ಅನ್ನು. 2023ರ 1.21ನೇ ಆವೃತ್ತಿಯಿಂದ ಗೋದವರು ಯಾರು ಎಲ್ಲಿ ಕಟ್ಟಿದರೂ ಒಂದೇ ಫೈಲ್, ಬಿಟ್ಟಿಗೆ ಬಿಟ್ ಹೊಂದುವಂತೆ ಮಾಡಿದ್ದಾರೆ. ತಾಳೆ ನೋಡಲು ಅಷ್ಟಾದರೂ ಆಯಿತು.

ದೊಡ್ಡವರ ಲೈಬ್ರರಿ ಅಂತ ಕಣ್ಣು ಮುಚ್ಚಿ ನಂಬಬೇಡ. ಜಾವಾದ ಬೈನರಿ ಸರ್ಚ್‌ನಲ್ಲಿ ಎರಡು ತುದಿಗಳನ್ನು ಕೂಡಿಸಿ ಅರ್ಧ ಮಾಡುವ ಸಾಲೊಂದಿತ್ತು. ಮೊತ್ತ ಸುಮಾರು 214 ಕೋಟಿ ದಾಟಿದರೆ ಅದು ಋಣಸಂಖ್ಯೆಯಾಗಿ ಬಿಡುತ್ತಿತ್ತು. ಒಂಬತ್ತು ವರ್ಷದಷ್ಟು ಕಾಲ ಹಾಗೇ ಇತ್ತು. 2006ರಲ್ಲಿ ಅದನ್ನು ಲೋಕಕ್ಕೆ ಹೇಳಿದವನು ಆ ಕೋಡ್ ಬರೆದ ಜೋಶುವಾ ಬ್ಲಾಕ್ ತಾನೇ.

ಎಲ್ಲಿಂದ ಶುರು ಮಾಡಲಿ ಅಂತ ಕೇಳುತ್ತೀಯಲ್ಲ. ಸ್ಟ್ರಿಂಗ್ಸ್ ಪ್ಯಾಕೇಜಿನಿಂದ. ಸಣ್ಣ ಫಂಕ್ಷನ್‌ಗಳು, ಪಕ್ಕದಲ್ಲೇ ಟೆಸ್ಟ್ ಫೈಲ್. ಟೆಸ್ಟ್ ಮೊದಲು ಓದಿದರೆ ಬರೆದವರ ಅನುಮಾನಗಳೆಲ್ಲ ತಿಳಿಯುತ್ತವೆ. ಆಮೇಲೆ ಯೂನಿಕೋಡ್ ಪ್ಯಾಕೇಜಿಗೆ ಹೋಗು, ಕನ್ನಡದ ಚಿಹ್ನೆಗಳ ಪಟ್ಟಿ ಅಲ್ಲಿ ಕನ್ನಡದ ಹೆಸರಲ್ಲೇ ಇದೆ. ಆದರೆ ಒಂದೇ ರೂಪಕ್ಕೆ ತರುವ ಕೆಲಸ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿಲ್ಲ, ಹೊರಗಿನ ಟೆಕ್ಸ್ಟ್ ಮಾಡ್ಯೂಲಿನಲ್ಲಿದೆ, ಹುಡುಕಿ ಸುಸ್ತಾಗಬೇಡ. ಪಾರ್ಸರ್ ಅರ್ಥವಾಗದಿದ್ದರೆ ಬೆಂಗಳೂರಿನ ಐಐಎಸ್‌ಸಿಯ ವೈ.ಎನ್. ಶ್ರೀಕಾಂತ್ ಅವರ ಕಂಪೈಲರ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತವೆ. ತಪ್ಪು ಕಂಡರೆ ಮೊದಲು ಹಳೆಯ ದೂರುಗಳಲ್ಲಿ ಹುಡುಕು. ಇಲ್ಲದಿದ್ದರೆ ಐದಾರು ಸಾಲಿನ ಪ್ರೋಗ್ರಾಂ, ಬಂದ ಉತ್ತರ, ಬರಬೇಕಿದ್ದ ಉತ್ತರ, ಇಷ್ಟನ್ನೇ ಬರೆದು ಕಳಿಸು, ಬೈಗುಳ ಬೇಡ. ರನ್‌ಟೈಮ್, ಗಾರ್ಬೇಜ್ ಕಲೆಕ್ಟರ್ ಕಡೆ ಮಾತ್ರ ಮೊದಲ ವರ್ಷ ತಲೆ ಹಾಕಬೇಡ. ಅಲ್ಲಿಗೆ ಹೋದರೆ ಊಟದ ಹೊತ್ತೂ ನೆನಪಿರುವುದಿಲ್ಲ, ನಿಮ್ಮಮ್ಮ ನನ್ನನ್ನು ಬೈಯುತ್ತಾಳೆ.