ಒಂದೇ ನಾಣ್ಯದಲ್ಲಿ ಇಬ್ಬರು ಅರಸರು: ನಹಪಾನನ ಮೂಲಕ ಆಧಾರಗಳ ಬೋಧನೆ

ತರಗತಿ: 8. ವಿಷಯ: ಸಮಾಜ ವಿಜ್ಞಾನ. ಘಟಕ: ಶಾತವಾಹನರು. ಅವಧಿ: 40 ನಿಮಿಷ.

ಉದ್ದೇಶ
‘ಗೌತಮೀಪುತ್ರ ಶಾತಕರ್ಣಿಯು ಶಕರನ್ನು ಸೋಲಿಸಿದನು’ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅದು ನಮಗೆ ತಿಳಿದದ್ದು ಹೇಗೆ? ಈ ಪ್ರಶ್ನೆಗಾಗಿ ಚಿಕ್ಕೋಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಸೋತವನನ್ನೇ ಪಾಠಕ್ಕೆ ಆರಿಸಿಕೊಂಡೆ. ಅವನು ಕ್ಷಹರಾತ ವಂಶದ ನಹಪಾನ. ಸುಮಾರು 1,900 ವರ್ಷಗಳ ಹಿಂದೆ ಪಶ್ಚಿಮ ಭಾರತವನ್ನು ಆಳಿದ ಶಕ ಕ್ಷತ್ರಪ, ಅಂದರೆ ಪ್ರಾಂತಾಧಿಪತಿ.

ಹಂತ 1: ನಾಣ್ಯ
ಮಕ್ಕಳು ಜೇಡಿಮಣ್ಣಿನ ಬಿಲ್ಲೆಗೆ ಮೊದಲು ಅಂಗಿಯ ಗುಂಡಿ, ಅದರ ಮೇಲೆ ಬೀಗದ ಕೈ ಒತ್ತಿದರು. ಮೊದಲ ಗುರುತು ಪೂರ್ತಿ ಅಳಿಯಲಿಲ್ಲ. ಅನಂತರ ನಾಸಿಕ ಜಿಲ್ಲೆಯ ಜೋಗಲ್‌ತೆಂಬಿಯಲ್ಲಿ 1906ರಲ್ಲಿ ಸಿಕ್ಕ ನಿಧಿಯನ್ನು ಪರಿಚಯಿಸಿದೆ. ಅದರಲ್ಲಿ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳಿದ್ದವು. ಸುಮಾರು ಮೂರರಲ್ಲಿ ಎರಡು ಪಾಲಿನ ಮೇಲೆ ಶಾತಕರ್ಣಿಯ ಮುದ್ರೆ ಮತ್ತೆ ಒತ್ತಲಾಗಿತ್ತು. ‘ಕರಗಿಸದೆ ಮುದ್ರೆ ಒತ್ತಿದ್ದೇಕೆ?’ ಎಂದು ಕೇಳಿದೆ. ‘ಖರ್ಚು ಕಡಿಮೆ’, ‘ಗೆದ್ದದ್ದು ಎಲ್ಲರಿಗೂ ಕಾಣಲಿ ಎಂದು’ ಎಂಬ ಎರಡು ಉತ್ತರಗಳನ್ನೂ ಊಹೆ ಎಂದೇ ಹಲಗೆಯ ಮೇಲೆ ಬರೆದೆ.

ಹಂತ 2: ಶಾಸನ
ನಹಪಾನನ ಅಳಿಯ ಉಷವದಾತನ ಶಾಸನ ನಾಸಿಕದ ಗುಹೆಯಲ್ಲಿದೆ. ಅವನು ನೇಕಾರರ ಶ್ರೇಣಿಯಲ್ಲಿ 2,000 ಕಾರ್ಷಾಪಣಗಳನ್ನು ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೆ ಇಟ್ಟನು. ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ಬಟ್ಟೆಗೆಂದು ತಲಾ 12 ಸಲ್ಲಬೇಕು. ಸ್ವಸಹಾಯ ಸಂಘಗಳ ಬಡ್ಡಿ ಲೆಕ್ಕ ಕೇಳಿ ಬೆಳೆದ ಮಕ್ಕಳು ತಾವೇ ತಾಳೆ ನೋಡಿದರು: ವರ್ಷದ ಬಡ್ಡಿ 240, ವೆಚ್ಚ 20×12, ಅದೂ 240. ಅಸಲು ಮುಟ್ಟುವಂತಿಲ್ಲ.

ಹಂತ 3: ಹೋಲಿಕೆ
ಶಾತಕರ್ಣಿಯ ತಾಯಿ ಗೌತಮೀ ಬಲಶ್ರೀಯ ನಾಸಿಕ ಶಾಸನವು ಮಗ ಕ್ಷಹರಾತ ವಂಶವನ್ನು ನಿರ್ಮೂಲ ಮಾಡಿದನೆಂದು ಹೊಗಳುತ್ತದೆ. ಆದರೆ ಶಾತಕರ್ಣಿಯ ಸ್ವಂತ ಶಾಸನ ಅಲ್ಲೇ ಇದೆ: ಅದುವರೆಗೆ ಉಷವದಾತನದಾಗಿದ್ದ 200 ನಿವರ್ತನ ಹೊಲವನ್ನು ಭಿಕ್ಷುಗಳಿಗೆ ಕೊಟ್ಟ ಆಜ್ಞೆ ಅದು. ಒಡೆಯ ಬದಲಾದ, ಭಿಕ್ಷುಗಳಿಗೆ ದಾನ ಕೊಡುವ ರೂಢಿ ಮುಂದುವರಿಯಿತು. ಗೆದ್ದವರ ಹೊಗಳಿಕೆಯನ್ನು ಮಾತ್ರ ಓದಿದರೆ ಇದು ಕಾಣುವುದಿಲ್ಲ.

ಮೌಲ್ಯಮಾಪನ
1. ನಾಣ್ಯದಿಂದ ಮಾತ್ರ ತಿಳಿಯುವ ಒಂದು ಸಂಗತಿ ಬರೆಯಿರಿ.
2. ಶಾಸನದಿಂದ ಮಾತ್ರ ತಿಳಿಯುವ ಒಂದು ಸಂಗತಿ ಬರೆಯಿರಿ.
3. ನಿಮ್ಮ ಉತ್ತರದಲ್ಲಿ ಆಧಾರ ಯಾವುದು, ಊಹೆ ಯಾವುದು?

ಮೂರನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ಪಾಠದ ತಿರುಳು ಅಲ್ಲಿದೆ. ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಬೋಧನಾಭ್ಯಾಸ ಮಾಡುವವರು ಇದೇ ಕ್ರಮವನ್ನು ಊರಿನ ವೀರಗಲ್ಲಿಗೂ ಅನ್ವಯಿಸಬಹುದು. ನಿಪ್ಪಾಣಿಯವರಿಗೆ ಕೊಲ್ಹಾಪುರದ ಬ್ರಹ್ಮಪುರಿ ಹತ್ತಿರ. ಅಲ್ಲಿನ ಉತ್ಖನನದಲ್ಲಿ ಶಾತವಾಹನರ ಕಾಲದ ನೆಲೆಯೇ ದೊರೆತಿದೆ.